ಎರಡು ವರ್ಷದ ಮೇಲೆ ಮೂರು ತಿಂಗಳು

ಮೀಯಿಸಿ ಅರಿಶಿನ ಹಚ್ಚಿದ್ದ ಧೂಳಮ್ಮನ ದೇಹದ ಮುಂದೆ ನಿಂತ ಅವಳ ತಮ್ಮ ಕಲ್ಲಿನಾಥ, ತವರಿನ ಸೀರೆಯನ್ನು ಕಂಕುಳಿನಿಂದ ತೆಗೆಯಲೇ ಇಲ್ಲ. ತಮ್ಮನ ಸೀರೆ ಹೊದಿಸದೆ ಹೆಣ ಎತ್ತುವಂತಿಲ್ಲ. ಮೋರಖಂಡಿಯ ಆ ಅಂಗಳದಲ್ಲಿ ಎಲ್ಲರೂ ಕಾಯುತ್ತಿದ್ದರು.

“ಹೊದಸೋ ತಮ್ಮಾ,” ಎಂದಳು ನೆರೆಮನೆಯ ಮಾಣಿಕಮ್ಮ. “ಬಿಸಲು ಏರಾಕತ್ತದ. ಧೂಳವ್ವ ಜೀವಂತ ಇದ್ದಿದ್ರ ಇಷ್ಟೊತ್ತಿಗಿ ಕಸಗೊಂಡು ಉಟ್ಟಿರ್ತಿದ್ಲು.”

ಯಾರೋ ನಕ್ಕು ಸುಮ್ಮನಾದರು. ಕಲ್ಲಿನಾಥ ಅಕ್ಕನ ಗಂಡ ಮಡೆಪ್ಪನನ್ನೇ ನೋಡುತ್ತಿದ್ದ.

“ಮಾಮಾ, ಮುಂಜಾನಿಂದ ಬಂದವರಿಗೆಲ್ಲ ಏನ್ ಹೇಳಾಕತ್ತೀರಿ? ‘ಡಾಕ್ಟರ್ ಎರಡು ವರ್ಷ ಅಂದಿದ್ದ, ದೇವ್ರು ಮ್ಯಾಲ ಮೂರು ತಿಂಗಳು ಕೊಟ್ಟ’ ಅಂತ. ಅದು ನನಗ್ಯಾಕ ಗೊತ್ತಿಲ್ಲ?”

ಬೆಳಗಿನಿಂದ ಮಡೆಪ್ಪನ ಬಾಯಿಗೆ ಬಂದದ್ದು ಆ ಒಂದೇ ಮಾತು. ದೇವರಿಗೆ ಕೈ ಮುಗಿದಂತೆ ಹೇಳುತ್ತಿದ್ದ. ಅದು ಯಾರನ್ನಾದರೂ ಚುಚ್ಚೀತೆಂದು ಅವನಿಗೆ ಹೊಳೆದಿರಲಿಲ್ಲ.

*

ಎರಡು ವರ್ಷ ಮೂರು ತಿಂಗಳ ಹಿಂದೆ, ಧೂಳಮ್ಮನ ಶ್ವಾಸಕೋಶದ ಕ್ಯಾನ್ಸರ್ ಗಡ್ಡೆ ತೆಗೆಯುವ ಮುಂಚೆ, ಹೃದಯದ ಎಕೋ ಸ್ಕ್ಯಾನ್ ಮಾಡಿಸಲು ಗಂಡ ಹೆಂಡತಿ ಹುಮನಾಬಾದಿಗೆ ಹೋಗಿದ್ದರು. ತೆರೆಯ ಮೇಲೆ ಬಡಿದುಕೊಳ್ಳುತ್ತಿದ್ದ ನೆರಳನ್ನು ಧೂಳಮ್ಮ ಕತ್ತೆತ್ತಿ ನೋಡಿದಳು.

“ಇದು ನಂದೇ ಏನ್ರಿ? ಹಾಲು ಕುಡ್ಯೋ ಮರಿ ಗುದ್ದಿದಂಗ ಗುದ್ದಾಕತ್ತದಲ್ಲ!”

ಡಾಕ್ಟರು ನಕ್ಕರು. ಆಮೇಲೆ ಮಡೆಪ್ಪನನ್ನಷ್ಟೇ ಹೊರಗೆ ಕರೆದರು.

“ಹೃದಯದ ಬಲಭಾಗ ಸೋತದ. ಆಪರೇಷನ್ ತಡಕೋತದ. ಆದ್ರ ಗಡ್ಡಿ ಹೋದ್ರೂ ಈ ಹೃದಯ ಬಹಳ ದಿನ ಎಳಿಯಂಗಿಲ್ಲ. ಎರಡು ವರ್ಷ ಸಿಕ್ಕರ ದೊಡ್ಡದು.”

ವರ್ಷದಲ್ಲಿ ಎಂಟು ತಿಂಗಳು ಕುರಿಗಳ ಹಿಂದೆ ಊರೂರು ಅಲೆಯುತ್ತಿದ್ದ ಮಡೆಪ್ಪ, ಡಾಕ್ಟರ ಮಾತನ್ನು ಯಾರಿಗೂ ಹೇಳದೆ, ಮಂದೆಯನ್ನು ಮಗ ಧರ್ಮೇಂದ್ರನಿಗೆ ಒಪ್ಪಿಸಿದ. ಮೊಣಕಾಲು ನೋವೆಂದು ಸುಳ್ಳು ಹೇಳಿ ಮನೆಯಲ್ಲೇ ಉಳಿದ. ಆಕೆ ತನ್ನ ಚಹಾಕ್ಕೆ ಸಕ್ಕರೆ ಹಾಕಿಕೊಳ್ಳುವುದಿಲ್ಲವೆಂದು ಮೂವತ್ತು ವರ್ಷದ ಸಂಸಾರದಲ್ಲಿ ಅವನಿಗೆ ಆಗಲೇ ತಿಳಿದದ್ದು.

ತೆಗೆದ ಗಡ್ಡೆ ಮತ್ತೆ ಬರಲಿಲ್ಲ. ನಿನ್ನೆ ಸಂಜೆ ಹೃದಯವೇ ನಿಂತಿತು.

*

“ಹೇಳಿದ್ರ ಎಲ್ಲಾರೂ ಬಂದು ಜೀವಂತ ಇದ್ದಾಕಿ ಮುಂದ ಅಳತಿದ್ರಿ,” ಎಂದ ಮಡೆಪ್ಪ.

“ಹೋದ ಪಂಚಮಿಗಿ ತವರಿಗಿ ಅಂತ ಗೋರ್ಟಾ ಊರಿಗಿ ಬಂದಾಗ ಆಕಿಗಿ ನಾ ಏನಂದೀನಿ ಗೊತ್ತದೇನ್ರಿ? ‘ಬ್ಯಾನಿ ನೆವ ಮಾಡಿ ಕುಂತು ಉಣ್ಣಾಕತ್ತಿ’ ಅಂದೀನಿ! ಗೊತ್ತಿದ್ರ ಅಂತಿದ್ನೇನು?” ಎಂದ ಕಲ್ಲಿನಾಥ.

“ಅದಕ್ಕ ಆಕಿ ಏನ್ ಮಾಡಿದ್ಲು?”

“ಲಟ್ಟಣಿಗಿ ಹಿಡಕೊಂಡು ಅಂಗಳದ ತನಕ ಬೆನ್ನ ಹತ್ತಿದ್ಲು.”

“ಮನಿಗಿ ಬಂದು ಎರಡು ದಿನ ನಕ್ಕಾಳ, ಕಲ್ಲಿನಾಥ. ‘ಎಲ್ಲಾರೂ ಬ್ಯಾನಿಯಾಕಿ ಅಂತ ಮೆತ್ತಗ ಮಾತಾಡ್ತಾರ. ನನ್ನ ತಮ್ಮ ಒಬ್ಬನೇ ಬೈದ. ಇನ್ನಾ ಗಟ್ಟಿ ಇದ್ದೀನಿ ಅನಿಸ್ತು’ ಅಂದ್ಲು.”

ಕಲ್ಲಿನಾಥ ಕಂಕುಳಿನಿಂದ ಸೀರೆ ತೆಗೆದ. ಅದರ ಮಡಿಕೆ ಬಿಚ್ಚಿ, ಒಂದು ತುದಿಯನ್ನು ಮಾಮನ ಕೈಗೆ ಕೊಟ್ಟ. ಹಸಿರು ಸೀರೆ ಇಬ್ಬರ ನಡುವಿನಿಂದ ಆಕೆಯ ಮೇಲೆ ಇಳಿಯಿತು.

ಚಟ್ಟ ಎತ್ತಿದರು. ಮುಂದಿನ ಹೆಗಲು ಕಲ್ಲಿನಾಥನದು. ಹೊಲದ ದಾರಿಯ ಏರಿನಲ್ಲಿ ಹೊತ್ತವರು ಬಿರಬಿರನೆ ನಡೆದರು.

“ಸಾವಕಾಶ ಹೋಗ್ರಿ,” ಎಂದ ಹಿಂದಿದ್ದ ಮಡೆಪ್ಪ. “ಈ ಏರಿನಾಗ ಆಕಿಗಿ ದಮ್ಮು ಹತ್ತತದ.”

ಕಲ್ಲಿನಾಥ ಹೆಜ್ಜೆ ಸಣ್ಣದು ಮಾಡಿದ. ಬೇವಿನ ಮರದ ನೆರಳಿಗೆ ಬಂದಾಗ, ಯಾರೂ ಹೇಳದೆಯೇ, ಎಲ್ಲರೂ ಒಂದು ಗಳಿಗೆ ನಿಂತರು.