ಕೆಂಪು ಕಾಣಬಾರದು

ಸ್ಮಶಾನದ ಬೇಲಿಯಾಚೆ ಮೆಕ್ಕೆಜೋಳದ ಕಟಾವು ಯಂತ್ರ ನಿಂತಿತು. ಮಣ್ಣು ಮಾಡುವ ಹೊತ್ತಿಗೆ ಧೂಳೆಬ್ಬಿಸಬಾರದೆಂದು ಯಾರೋ ನಿಲ್ಲಿಸಿದ್ದರು. ಆರ್ವಿಡ್ ಮೊಣಕಾಲೂರಿ, ವೆಂಡಲ್‌ಗೆಂದು ತೋಡಿದ ಗುಂಡಿಯ ಪಕ್ಕದ ಕಲ್ಲಿನ ಬಳಿ ವಾಲಿದ್ದ ಪುಟ್ಟ ಬಾವುಟವನ್ನು ನೆಟ್ಟಗೆ ಮಾಡುತ್ತಿದ್ದ. ಅಲ್ಲಿ ಮಲಗಿದವನೂ ಯೋಧನೇ.

"ಏಳು ಮಾರಾಯ. ಆಮೇಲೆ ನಿನ್ನನ್ನ ಎತ್ತೋಕೂ ಆಳು ಬೇಕಾಗುತ್ತೆ," ಎಂದಳು ಲವೋನ್. ಊರಲ್ಲಿ ಯಾರು ಸತ್ತರೂ ಚರ್ಚಿನ ಕಾಫಿ ಅವಳದೇ.

"ಜನ ಎಲ್ಲಿ?"

"ಕೊಯ್ಲಲ್ಲಿ ಸತ್ರೆ ಇಷ್ಟೇ ಜನ. ಚರ್ಚ್ ತುಂಬೋಷ್ಟು ಹ್ಯಾಮ್ ಬನ್ ಮಾಡಿಟ್ಟಿದೀನಿ, ಇನ್ನೊಂದು ವಾರ ನೀನೇ ತಿನ್ನು."

ವೆಂಡಲ್‌ಗೆ ಹೆಂಡತಿ ಮಕ್ಕಳಿರಲಿಲ್ಲ. ವಿಯೆಟ್ನಾಮಿನಿಂದ ಬಂದವನು ನೆಬ್ರಾಸ್ಕದ ಈ ಮೂಲೆಯಲ್ಲಿ ಹಂದಿ ಸಾಕಿಕೊಂಡು ಇದ್ದುಬಿಟ್ಟ. ಕೌಂಟಿಯಲ್ಲಿ ಯಾವ ಯೋಧ ತೀರಿಕೊಂಡರೂ ಪೆಟ್ಟಿಗೆಯ ಮೇಲಿನ ಬಾವುಟವನ್ನು ಅವನೂ ಆರ್ವಿಡ್ಡೂ ಎರಡು ತುದಿ ಹಿಡಿದು ತ್ರಿಕೋನವಾಗಿ ಮಡಿಸಿ, ಮನೆಯವರ ಕೈಗಿಡುತ್ತಿದ್ದರು. ಇವತ್ತು ಸೈನ್ಯ ಇಬ್ಬರು ಎಳೆಯರನ್ನು ಕಳಿಸಿತ್ತು. ತುತ್ತೂರಿಗೆ ಒಬ್ಬ, ಬಾವುಟಕ್ಕೆ ಒಬ್ಬ ಹುಡುಗಿ.

"ನಾವೇ ಮಡಿಸ್ತೀವಿ ಸರ್, ನೀವು ಕೂತ್ಕೊಳ್ಳಿ."

"ಇಲ್ಲಮ್ಮ. ಇದೊಂದು ನಾನೇ ಮಾಡ್ಬೇಕು."

ಅವಳ ಕಣ್ಣು ಅವನ ಕೈಗೆ ಹೋಯಿತು. ಆರ್ವಿಡ್ ಕೈಯನ್ನು ಜೇಬಿಗಿಳಿಸಿದ.

*

ಕೈನಡುಕ ಶುರುವಾದ ವರ್ಷ, ಇನ್ನು ನನ್ನಿಂದಾಗದು ಎಂದಿದ್ದ ಆರ್ವಿಡ್. ವೆಂಡಲ್ ಅವನನ್ನು ಟ್ರ್ಯಾಕ್ಟರ್ ಶೆಡ್ಡಿಗೆ ಕರೆದೊಯ್ದು ಹಳೆಯ ಮೇಜುಬಟ್ಟೆಯ ತುದಿ ಹಿಡಿಸಿದ.

"ಎಳಿ. ಇನ್ನೂ ಎಳಿ. ಬಿಗಿ ಬಟ್ಟೆ ನಡುಗಲ್ಲ ಕಣೋ."

"ಜನ ನೋಡಿದ್ರೆ?"

"ಜನ ನನ್ನ ಈ ದಪ್ಪ ಮೂಗು ನೋಡ್ತಾರೆ. ನೀನು ಎಳಿ."

ಅಂದಿನಿಂದ ಮಡಿಸುವುದು ವೆಂಡಲ್, ನಕ್ಷತ್ರಗಳಿರುವ ನೀಲಿ ತುದಿ ಹಿಡಿದು ನಿಲ್ಲುವುದು ಆರ್ವಿಡ್. ಯಾರಿಗೂ ಗೊತ್ತಾಗಲಿಲ್ಲ. ಮಡಿಸುತ್ತ ಮಡಿಸುತ್ತ ಎದುರಿಗೆ ಬಂದು ನಿಂತು, "ಬಿಡೋ," ಎನ್ನುತ್ತಿದ್ದ ವೆಂಡಲ್, ತುಟಿಯಲ್ಲೇ.

"ಈ ಋಣ ಹೆಂಗೆ ತೀರಿಸ್ಲಿ?" ಎಂದು ಆರ್ವಿಡ್ ಒಮ್ಮೆ ಕೇಳಿದ್ದ.

"ನಂದು ನೀನು ಮಡಿಸು. ನೀಲಿ ಮಾತ್ರ ಮೇಲಿರ್ಬೇಕು, ಪಟ್ಟೆಯ ಕೆಂಪು ಕಾಣಬಾರ್ದು. ಕಂಡ್ರೆ ಎದ್ದು ಬಂದು ಒದೀತೀನಿ."

*

ತುತ್ತೂರಿ ಮುಗಿಯಿತು. ಮುದುಕನೆಂಬ ಕನಿಕರಕ್ಕೆ ಹುಡುಗಿ ಬಾವುಟದ ನೀಲಿ ತುದಿಯನ್ನು ಮೆತ್ತಗೆ ಹಿಡಿದಿದ್ದಳು. ಎಳಿ ಎನ್ನಲು, ಮಡಿಸುತ್ತಿದ್ದ ಆರ್ವಿಡ್‌ಗೆ ಸಂಕೋಚವಾಯಿತು. ಬಟ್ಟೆಯುದ್ದಕ್ಕೂ ನಡುಕ ಹರಿಯಿತು. ಕೊನೆಗೆ ತ್ರಿಕೋನದ ಅಂಚಿನಲ್ಲಿ ಉಗುರಗಲ ಕೆಂಪು ಇಣುಕಿತು.

ಹುಡುಗಿ ಅವನನ್ನು ಮನೆಯವರ ಕುರ್ಚಿಯಲ್ಲಿ ಕೂರಿಸಿ, ಮಂಡಿಯೂರಿ, ದೇಶದ ಕೃತಜ್ಞತೆಯ ಆ ಮಾತುಗಳನ್ನು ಹೇಳಿ ಬಾವುಟವನ್ನು ಅವನ ತೊಡೆಯ ಮೇಲಿಟ್ಟಳು. ಆ ಕುರ್ಚಿಯಲ್ಲಿ ಕೂತು ಕೇಳಿದ್ದು ಅವನಿಗೆ ಇದೇ ಮೊದಲು.

"ಬಾ, ಕಾಫಿ ಆರುತ್ತೆ," ಎಂದಳು ಲವೋನ್.

"ನೀವೆಲ್ಲ ನಡೀರಿ. ಸ್ವಲ್ಪ ಕೆಲ್ಸ ಇದೆ."

"ಇಲ್ಲೊಬ್ನೇ ಎಂಥ ಕೆಲ್ಸ?"

ಅವನು ಬಾವುಟವನ್ನು ಎದೆಗವಚಿಕೊಂಡು ಎದ್ದ. ಕಾರುಗಳು ಹೊರಟುಹೋದವು. ಕಟಾವು ಯಂತ್ರ ಮತ್ತೆ ಗುಡುಗತೊಡಗಿತು.

ಆರ್ವಿಡ್ ತನ್ನ ಪಿಕಪ್ಪಿನ ಕಿಟಕಿ ಇಳಿಸಿದ. ಬಾವುಟದ ತ್ರಿಕೋನ ಬಿಚ್ಚಿ, ನೀಲಿ ತುದಿಯನ್ನು ಗಾಜಿನ ಮೇಲಿಟ್ಟು, ಅದು ಕಚ್ಚಿಕೊಳ್ಳುವವರೆಗೆ ಗಾಜು ಏರಿಸಿದ. ಇನ್ನೊಂದು ತುದಿ ಹಿಡಿದು ಹಿಂದಕ್ಕೆ ನಡೆದ. ಮೈಭಾರವೆಲ್ಲ ಹಾಕಿ ಎಳೆದ. ನಡುಕ ನಿಂತಿತು.

ಒಂದೊಂದೇ ಮಡಿಕೆ ಹಾಕುತ್ತ ಬಂದ. ತಪ್ಪಿದ್ದನ್ನು ಬಿಚ್ಚಿ ಮತ್ತೆ ಹಾಕಿದ. ಕೆಂಪೆಲ್ಲ ಒಳಗಾಗಿ ನೀಲಿಯಷ್ಟೇ ಉಳಿದಾಗ ಗಾಜಿನೆದುರು ನಿಂತಿದ್ದ.

"ಬಿಡೋ," ಎಂದ.

ಗಾಜು ಬಿಗಿಯಾಗಿ ಹಿಡಿದೇ ಇತ್ತು.