ಅಣ್ಣನ ದೋಣಿಗೆ ಕಟ್ಟಿದ ತೊಟ್ಟಿಲು

ಕಯಾಕಿನ, ಅಂದರೆ ಒಬ್ಬರೇ ಕೂತು ಹುಟ್ಟು ಹಾಕುವ ಕಿರುದೋಣಿಯ, ಮೇಲೆ ಜಿಪಿಎಸ್ ಕೂರಿಸುವುದೆಂದರೆ ಅಂಟಿಸಿ ಕೈತೊಳೆದುಕೊಳ್ಳುವ ಕೆಲಸವಲ್ಲ. ತೀರಾ ಹತ್ತಿರ ಇಟ್ಟರೆ ಹುಟ್ಟು ಹಾಕುವಾಗ ಬೆರಳ ಗೆಣ್ಣು ಬಡಿಯುತ್ತದೆ, ತೀರಾ ದೂರ ಇಟ್ಟರೆ ಅಂಕಿ ಕಾಣುವುದಿಲ್ಲ. ಬಿಸಿಲಿಗೆ ಗಾಜು ಹೊಳೆಯದ ಹಾಗೆ ಒಂಚೂರು ಓರೆಯಾಗಿ ನಿಲ್ಲಬೇಕು. ಸ್ಕ್ರೂ ತೂತಿಗೆ ರಬ್ಬರ್ ವಾಷರ್ ಹಾಕದಿದ್ದರೆ ದೋಣಿಯೊಳಕ್ಕೆ ನೀರಿಳಿಯುತ್ತದೆ. ಇಷ್ಟೆಲ್ಲ ಆದಮೇಲೂ ಒಂದು ದಾರ ಕಟ್ಟಲೇಬೇಕು, ಯಾಕೆಂದರೆ ನನ್ನ ಹತ್ತಿರ ಇರುವಂಥದ್ದು ನೀರಿಗೆ ಬಿದ್ದರೆ ಕಲ್ಲಿನ ಹಾಗೆ ಮುಳುಗುತ್ತದೆ.

ನಾನು ಕೆಲಸಕ್ಕಿದ್ದದ್ದು ದೊಡ್ಡಪ್ಪನ ದೋಣಿ ಶೆಡ್ಡಿನಲ್ಲಿ. ಜಿಪಿಎಸ್ ಕೊಳ್ಳುವುದಕ್ಕೆ ಮೊದಲೇ ಅದಕ್ಕೊಂದು ಸ್ಟ್ಯಾಂಡ್ ಮಾಡಿಟ್ಟುಕೊಂಡಿದ್ದೆ. ಹಳೆಯ ಪ್ಲಾಸ್ಟಿಕ್ ಕ್ಯಾನ್ ಕತ್ತರಿಸಿ, ಒಳಗೆ ಸೈಕಲ್ ಟ್ಯೂಬಿನ ಚೂರು ಮೆತ್ತಿ, ಕೆಳಗೊಂದು ತಿರುಗುವ ಗುಂಡು. ದೊಡ್ಡಪ್ಪ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಕೂಸು ಹುಟ್ಟೋ ಮುಂಚೆ ಕುಲಾವಿ ಅಂತಾರೆ, ನೀನು ತೊಟ್ಟಿಲೇ ಕಟ್ಟಿದ್ದೀಯಲ್ಲೇ!" ಅಂದಿನಿಂದ ಶೆಡ್ಡಿನಲ್ಲಿ ಅದರ ಹೆಸರೇ ತೊಟ್ಟಿಲು.

ನನಗೆ ಬೇಕಾಗಿದ್ದದ್ದು ಒಂದೇ, ಮುಂದಿನ ದೋಣಿ. ಗಿರಾಕಿಗಳ ಗುಂಪನ್ನು ದ್ವೀಪಕ್ಕೆ ಕರೆದೊಯ್ಯುವಾಗ ದಾರಿ ತೋರಿಸುತ್ತಾ ಎಲ್ಲರಿಗಿಂತ ಮುಂದೆ ಹೋಗುವ ದೋಣಿ. "ದಾರಿ ಗೊತ್ತಿರೋರು ಮುಂದೆ" ಎಂದು ದೊಡ್ಡಪ್ಪನೇ ಹೇಳಿದ್ದರು. ಅದನ್ನು ನಂಬಿ ಶೆಡ್ಡಿನ ಬಾಗಿಲು ತೆರೆಯುವ ಮೊದಲೇ ದಿನಾ ನೀರಿಗಿಳಿಯುತ್ತಿದ್ದೆ. ಎಲ್ಲಿ ಕೆಸರಿನ ದಿಬ್ಬ, ಎಲ್ಲಿ ಜೊಂಡಿನ ನಡುವೆ ಕಾಲುವೆ ಕವಲೊಡೆಯುತ್ತದೆ, ಎಲ್ಲವನ್ನೂ ಆಮೇಲೆ ಕೊಂಡ ಜಿಪಿಎಸ್ ಡಬ್ಬಿಯಲ್ಲಿ ಗುರುತು ಹಾಕಿದ್ದೆ. ಅದು ನಕ್ಷೆ ತೋರಿಸುವ ದುಬಾರಿ ಮಾಲಲ್ಲ. ಒಂದು ಬಾಣ, ಕೆಳಗೆ ಎಷ್ಟು ದೂರ ಎನ್ನುವ ಅಂಕಿ, ಅಷ್ಟೇ.

ಹಲ್ಲಿನ ಡಾಕ್ಟರುಗಳ ಗುಂಪು ಬಂದ ಬೆಳಿಗ್ಗೆ ನೀರೂ ಆಕಾಶವೂ ಒಂದೇ ಎನ್ನುವಷ್ಟು ಮಂಜು. ನಾನು ನನ್ನ ದೋಣಿಗೆ ತೊಟ್ಟಿಲು ಬಿಗಿಯುತ್ತಿದ್ದೆ.

"ಅದನ್ನ ಅಣ್ಣನ ದೋಣಿಗೆ ಕಟ್ಟಮ್ಮ," ಎಂದರು ದೊಡ್ಡಪ್ಪ. ಅಣ್ಣ ಎಂದರೆ ಅವರ ಮಗ. "ಅವನು ಮುಂದೆ ಹೋಗ್ಲಿ."

"ಗುರುತು ಹಾಕಿದ್ದು ನಾನು, ದೊಡ್ಡಪ್ಪ."

"ಯಾರು ಇಲ್ಲ ಅಂದ್ರು? ದಾರಿ ಡಬ್ಬೀಲಿದೆ, ಡಬ್ಬಿ ಮುಂದಿರುತ್ತೆ. ಇಂಥ ಮಂಜಲ್ಲಿ ಮುಂದೆ ಒಂದು ಗಂಡಸಿನ ಮುಖ ಕಂಡ್ರೆ ಬಂದೋರಿಗೆ ಧೈರ್ಯ. ಇವತ್ತು ಸರಿಯಾಗಿ ಆಗ್ಲಿ, ಮುಂದಿನ ವಾರ ನೀನೇ ಹೋಗುವೆಯಂತೆ."

ಮುಂದಿನ ವಾರ! ಅಷ್ಟು ಸಾಕಿತ್ತು ನನಗೆ. ನನ್ನ ಡಬ್ಬಿಯನ್ನು ನನ್ನ ಕೈಯಾರೆ ಅವನ ದೋಣಿಗೆ ಕಟ್ಟಿದೆ, ಓರೆ ನೋಡಿದೆ, ದಾರ ಎಳೆದು ನೋಡಿದೆ. ಅಷ್ಟರಲ್ಲಿ ಅಣ್ಣ ತೊಟ್ಟಿಲಿನ ಪಕ್ಕಕ್ಕೇ ತನ್ನ ಹಾಡಿನ ಸ್ಪೀಕರ್ ಸಿಕ್ಕಿಸಿದ.

"ಅಣ್ಣ, ಅದನ್ನ ತೆಗಿ. ಸ್ಪೀಕರ್ ಒಳಗೆ ಅಯಸ್ಕಾಂತ ಇರುತ್ತೆ. ದೋಣಿ ಓಡ್ತಿರುವಾಗ ಪರವಾಗಿಲ್ಲ, ಡಬ್ಬಿ ಉಪಗ್ರಹ ನೋಡ್ಕೊಂಡು ದಿಕ್ಕು ಹೇಳುತ್ತೆ. ನಿಂತ್ರೆ ಒಳಗಿರೋ ದಿಕ್ಸೂಚಿನ ನಂಬುತ್ತೆ. ಆಗ ಬಾಣ ಎಲ್ಲೆಲ್ಲಿಗೋ ತಿರುಗುತ್ತೆ."

"ಹಾಡಿಗೆ ಅದೂ ಒಂಚೂರು ಕುಣೀಲಿ ಬಿಡೇ, ವಿಜ್ಞಾನಿ!"

"ಅಣ್ಣ, ತಮಾಷೆ ಅಲ್ಲ."

"ಆಯ್ತು ಮಾರಾಯ್ತಿ." ತೆಗೆದು ಚೀಲಕ್ಕೆ ಹಾಕಿಕೊಂಡ. ನಾನು ನೋಡಿದೆ.

ಹೊರಟೆವು. ನಾನು ಎಲ್ಲರಿಗಿಂತ ಹಿಂದೆ. ಹಿಂದಿನ ದೋಣಿ ಯಾರನ್ನೂ ದಾಟಿ ಮುಂದೆ ಹೋಗಬಾರದು, ಅದು ಶೆಡ್ಡಿನ ಕಟ್ಟುನಿಟ್ಟಿನ ನಿಯಮ. ಮುಂದಿನವರು ಮಂಜಿನಲ್ಲಿ ಕರಗಿದ್ದರು. ಕವಲು ಹತ್ತಿರ ಬರುತ್ತಿತ್ತು. ಆಗಲೇ ಮುಂದಿನಿಂದ ಹಾಡು ತೇಲಿ ಬಂತು.

"ಅಣ್ಣಾ! ಸ್ಪೀಕರ್!" ಎಂದು ಗಂಟಲು ಹರಿಯುವಂತೆ ಕೂಗಿದೆ. ನನ್ನ ಮುಂದಿದ್ದ ಡಾಕ್ಟರಮ್ಮ, "ಹಾಡು ಚೆನ್ನಾಗಿದ್ಯಲ್ಲಮ್ಮ, ಯಾಕೆ ಬೈತೀಯ?" ಎಂದು ನಕ್ಕರು. ಕೂಗು ಅವನಿಗೆ ಮುಟ್ಟಲಿಲ್ಲ. ಕೊರಳಲ್ಲಿದ್ದ ಸೀಟಿ ಊದಿಬಿಟ್ಟೆ.

ಸೀಟಿ ಎಂದರೆ ನಮ್ಮಲ್ಲಿ ಒಂದೇ ಅರ್ಥ, ಇದ್ದಲ್ಲೇ ನಿಲ್ಲಿ. ಅಣ್ಣ ನಿಂತ. ಸರಿಯಾಗಿ ಕವಲಿನ ಬಾಯಲ್ಲಿ, ಪಕ್ಕದಲ್ಲಿ ಅಯಸ್ಕಾಂತ ಇಟ್ಟುಕೊಂಡು, ನಿಂತ.

ಊದಿದ ಉಸಿರು ಮುಗಿಯುವುದರೊಳಗೆ ನನಗೆ ಅರ್ಥವಾಯಿತು. "ಬಾಣ ನೋಡ್ಬೇಡ!" ಎಂದು ಕೂಗಿಕೊಂಡೆ. ಅದೂ ಮುಟ್ಟಲಿಲ್ಲ. ಹಿಂದೆ ಏನೂ ಅನಾಹುತ ಕಾಣದೆ ಅವನು ಬಾಣ ತೋರಿಸಿದ ತಪ್ಪು ಕವಲಿಗೆ ಹುಟ್ಟು ಹಾಕಿದ. ಕುರಿಮಂದೆಯ ಹಾಗೆ ಡಾಕ್ಟರುಗಳೂ ಹಿಂಬಾಲಿಸಿದರು. ನಾನು ನಿಯಮ ಮುರಿದು ಮುಂದೆ ನುಗ್ಗುವಷ್ಟರಲ್ಲಿ ಎಲ್ಲ ದೋಣಿಗಳೂ ಅಲ್ಲೇ ಎದುರಿದ್ದ ಕೆಸರಿನ ದಿಬ್ಬಕ್ಕೆ ಹತ್ತಿ ಕೂತಿದ್ದವು. ಒಬ್ಬ ಡಾಕ್ಟರು ಇಳಿದು ತಳ್ಳಲು ಹೋಗಿ ತೊಡೆಯವರೆಗೆ ಹೂತುಕೊಂಡರು. ಅವರನ್ನು ಹಗ್ಗ ಹಾಕಿ ಎಳೆದವಳು ನಾನು. ಒಂದೊಂದೇ ದೋಣಿ ಬಿಡಿಸಿ, ಮಂಜು ಹರಿದ ಮೇಲೆ ಎಲ್ಲರನ್ನೂ ವಾಪಸ್ ಕರೆತಂದವಳೂ ನಾನೇ. ಆವತ್ತು ಮುಂದಿನ ದೋಣಿ ನನ್ನದಾಗಿತ್ತು. ನೋಡುವುದಕ್ಕೆ ದೊಡ್ಡಪ್ಪ ಅಲ್ಲಿರಲಿಲ್ಲ.

ದೊಡ್ಡಪ್ಪ ಶೆಡ್ಡಿನಿಂದ ದಡಕ್ಕೆ ಬಂದಾಗ ಅಣ್ಣ ಮೊದಲು ಬಾಯಿ ತೆರೆದ. "ಅವಳ ಡಬ್ಬಿ ಸುಳ್ಳು ಹೇಳ್ತಪ್ಪ."

ಡಾಕ್ಟರಮ್ಮ ಕೆಸರಿನ ಚಪ್ಪಲಿ ಕೈಯಲ್ಲಿ ಹಿಡಿದು ಹಾದುಹೋಗುತ್ತಾ, "ಹಾಡು ಮಾತ್ರ ಸೊಗಸಾಗಿತ್ತು ಕಣಪ್ಪ," ಎಂದರು.

ದೊಡ್ಡಪ್ಪ ಮಗನ ಚೀಲ ನೋಡಿದರು, ನನ್ನ ಮುಖ ನೋಡಿದರು. ನಾನು ಎಲ್ಲ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು, ಅದೇ ಕಷ್ಟ.

"ಹಾಡು ಹಾಕಿದ್ದು ಅವನ ತಪ್ಪೇ. ಆದ್ರೆ ನಿಂತ್ರೆ ಕೆಡುತ್ತೆ ಅಂತ ಗೊತ್ತಿದ್ದೋಳು ನೀನು. ನಿಲ್ಲು ಅಂತ ಯಾಕೆ ಊದಿದೆ?"

ಅದೊಂದು ಮಾತು ನಿಜವಾಗಿತ್ತು. ಆ ಒಂದು ನಿಜದ ಮರೆಯಲ್ಲಿ ಅಣ್ಣ ಪೂರ್ತಿ ಅಡಗಿಕೊಂಡ.

"ಆಗಿದ್ದಾಯ್ತು ಬಿಡು," ದೊಡ್ಡಪ್ಪ ನನ್ನ ತಲೆ ಸವರಿದರು. "ಮುಂದಿನ ವಾರ ಇದನ್ನ ಇನ್ನೂ ಗಟ್ಟಿಯಾಗಿ ಕಟ್ಟಿಕೊಡು ಅವನಿಗೆ. ಹಾಡು ಹಾಕಲ್ಲ ಅಂತಾನೆ."

"ಮುಂದಿನ ವಾರ ನಾನು ಅಂದಿದ್ರಿ."

"ಇಷ್ಟೆಲ್ಲ ಆದಮೇಲಾ?"

ಅಣ್ಣನ ದೋಣಿಯ ಮುಂದೆ ಮಂಡಿಯೂರಿ ಕೂತೆ. ದಾರ ಬಿಚ್ಚಿ ಡಬ್ಬಿಯನ್ನು ಜೇಬಿಗೆ ಹಾಕಿಕೊಂಡೆ. ತೊಟ್ಟಿಲಿನ ಒಂದು ಸ್ಕ್ರೂ ಸಡಿಲಾಗಿತ್ತು. ಸುಮ್ಮನೆ ಎದ್ದುಹೋಗಬಹುದಿತ್ತು, ಕೈ ಕೇಳಲಿಲ್ಲ, ಬಿಗಿ ಮಾಡಿದೆ.

"ಗಟ್ಟಿಯಾಗಿದೆ ದೊಡ್ಡಪ್ಪ," ಎಂದೆ. "ತೊಟ್ಟಿಲು ನಿಮಗೇ ಇರಲಿ. ಕೂಸನ್ನ ನೀವೇ ಹೆತ್ಕೊಳ್ಳಿ."

ಅಣ್ಣ ನಕ್ಕ. ದೊಡ್ಡಪ್ಪ ನಗಲಿಲ್ಲ. ಶೆಡ್ಡಿನಿಂದ ಹೊರಟ ನನ್ನನ್ನು ವಾಪಸ್ ಕರೆಯಲೂ ಇಲ್ಲ.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತಮೇಲೆ ತೊಡೆಯ ಹತ್ತಿರ ಏನೋ ಬೆಚ್ಚಗಾಯಿತು. ಜೇಬಿನಿಂದ ತೆಗೆದು ನೋಡಿದೆ, ಡಬ್ಬಿಯನ್ನು ಇನ್ನೂ ಆರಿಸಿರಲಿಲ್ಲ. ದ್ವೀಪದ ಗುರುತಿನ ಮೇಲೇ ಇತ್ತು. ಬಾಣ ನೆಟ್ಟಗೆ ಹಿಂದಕ್ಕೆ ತೋರಿಸುತ್ತಿತ್ತು, ಕೆಳಗೆ ಅಂಕಿ ಏರುತ್ತಲೇ ಇತ್ತು. ಪಕ್ಕದಲ್ಲಿ ಯಾವ ಅಯಸ್ಕಾಂತವೂ ಇರಲಿಲ್ಲ, ಬಸ್ಸು ಓಡುತ್ತಲೇ ಇತ್ತು. ಅದು ಸರಿಯಾಗಿಯೇ ಹೇಳುತ್ತಿತ್ತು.