ಫ್ಲಾಶ್ ಬೇಡದ ಕಣ್ಣು

ನಾನು ಒಂದು ಲೆನ್ಸು. ಕ್ಯಾಮರಾದ ಮೂತಿಗೆ ತಿರುಗಿಸಿ ಕೂರಿಸುತ್ತಾರಲ್ಲ, ಆ ಗಾಜಿನ ಕಣ್ಣು. ನನಗೆ ಸ್ವಲ್ಪ ಜಂಬ ಜಾಸ್ತಿ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಇರದೆ ಏನು? ಸಮುದ್ರದಾಚೆಯ ಕಾರ್ಖಾನೆಯೊಂದರಲ್ಲಿ ಬಿಳಿ ಗವಸು ತೊಟ್ಟ ಹೆಂಗಸರು ನನ್ನ ಗಾಜುಗಳನ್ನು ಒಂದೊಂದಾಗಿ ಒರೆಸಿ, ಉಸಿರು ಬಿಗಿಹಿಡಿದು ಕೊಳವೆಯೊಳಗೆ ಇಳಿಸಿದರು. ಕಣ್ಣಿಗೆ ಕಾಣದಷ್ಟು ಧೂಳು ಕೂತರೂ ಮತ್ತೆ ಬಿಚ್ಚಿ ಒರೆಸುತ್ತಿದ್ದರು. ಅಷ್ಟು ಮುದ್ದಿನಲ್ಲಿ ಹುಟ್ಟಿದ್ದು ನಾನು.

ನನ್ನ ಕಣ್ಣು ದೊಡ್ಡದು, ಆದರೆ ಕಾಲಿಲ್ಲ. ಕಣ್ಣು ದೊಡ್ಡದಾದ್ದರಿಂದ ಮಬ್ಬು ಬೆಳಕೂ ನನಗೆ ಸಾಕು. ಬೇರೆ ಲೆನ್ಸುಗಳು ತಡಕಾಡುವ ಕಡೆ ನಾನು ಒಂದೇ ಗುಟುಕಿಗೆ ಕುಡಿದು ಮುಗಿಸುತ್ತೇನೆ. ಹಾಗೆ ಬೇಗ ಮುಗಿಸುವುದರಿಂದಲೇ ಓಡುವವರು, ಹಾರುವವರು ನನ್ನಲ್ಲಿ ಕಲಸಿಹೋಗುವುದಿಲ್ಲ. ಕಾಲಿಲ್ಲ ಯಾಕೆಂದರೆ, ಜೂಮ್ ಲೆನ್ಸಿನ ಹಾಗೆ ಕೂತಲ್ಲೇ ದೂರದ್ದನ್ನು ಎಳೆದು ತರಲು ನನಗೆ ಬಾರದು. ಹತ್ತಿರ ಬೇಕಿದ್ದರೆ ನನ್ನನ್ನು ಹಿಡಿದವರೇ ನಡೆಯಬೇಕು.

ಇದು ತಿಳಿಯದ ಮೈಸೂರಿನ ಹಲ್ಲಿನ ಡಾಕ್ಟರೊಬ್ಬರು ಹಕ್ಕಿಗಳ ಫೋಟೋ ತೆಗೆಯಲು ನನ್ನನ್ನು ಕೊಂಡರು. ಯಾವ ಪುಣ್ಯಾತ್ಮರು ಹೇಳಿಕೊಟ್ಟರೋ! ಕೆರೆಯ ಆಚೆ ದಡದ ಕೊಕ್ಕರೆ ನನ್ನಲ್ಲಿ ಅಕ್ಕಿಕಾಳಿನಷ್ಟು ಕಂಡಿತು. "ಥೂ, ದಂಡ" ಎಂದು ಬೀರುವಿನೊಳಗೆ ಹಾಕಿದರು. ಅವರ ಕೋಟುಗಳ ಜೊತೆ, ನುಸಿಗುಳಿಗೆಯ ವಾಸನೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದೆ. ಕೊನೆಗೊಮ್ಮೆ ಬೀರು ಖಾಲಿ ಮಾಡುವಾಗ ನನ್ನನ್ನು ಹಳೆ ಕ್ಯಾಮರಾಗಳ ವ್ಯಾಪಾರಿ ಅನ್ಸಾರ್ ಸಾಹೇಬರ ಅಂಗಡಿಗೆ ಕೊಟ್ಟರು.

ನಂಜರಾಜು ನನಗೆ ಸಿಕ್ಕಿದ್ದು ಅಲ್ಲಿಯೇ. ಮಂಡ್ಯದಲ್ಲಿ ಹಂಸ ಸ್ಟುಡಿಯೋ ಇಟ್ಟಿದ್ದ ಮದುವೆ ಫೋಟೋಗ್ರಾಫರ್. ದಪ್ಪ ಮೀಸೆ, ಮೈತುಂಬ ಜೇಬಿರುವ ಜರ್ಕಿನ್ನು, ಆದರೆ ಮುಖ ಮಾತ್ರ ಮಳೆಯಲ್ಲಿ ನೆಂದ ಕೋಳಿಯಂತಾಗಿತ್ತು.

"ದೂರದಿಂದ ತೆಗೆಯೋ ಲೆನ್ಸ್ ಬೇಕು ಸಾಹೇಬ್ರೆ. ನನ್ ಮಗಳು ಬ್ಯಾಸ್ಕೆಟ್‌ಬಾಲ್ ಆಡ್ತಾಳೆ, ಒಳಾಂಗಣ ಸ್ಟೇಡಿಯಮ್ಮಲ್ಲಿ. ಅವಳ ಕಣ್ಣಿಗೆ ನಾನು ಬೀಳ್ಬಾರ್ದು" ಎಂದ.

"ಅದ್ಯಾಕೆ ನಂಜರಾಜಣ್ಣ, ಸ್ವಂತ ಮಗಳ ಫೋಟೋ ಕದ್ದು ತೆಗೀತೀರಾ?"

ನಂಜರಾಜು ಸ್ಟೂಲಿನ ಮೇಲೆ ಕೂತು ಆದದ್ದನ್ನೆಲ್ಲ ಹೇಳಿದ. ಮಗಳು ಇಂಚರ ಹೈಸ್ಕೂಲಿನ ಹುಡುಗಿ, ಮಂಡ್ಯದ ಹುಡುಗಿಯರ ತಂಡದಲ್ಲಿ ಆಡುತ್ತಿದ್ದಳು. ಹಿಂದಿನ ತಿಂಗಳ ಪಂದ್ಯದ ಕಡೇ ಗಳಿಗೆ. ಒಂದು ಅಂಕ ಹಿಂದಿದ್ದರು, ಯಾರೂ ಅಡ್ಡ ಬರದೆ ನಿಂತು ರಿಂಗಿಗೆ ಎಸೆಯುವ ಒಂದು ಫ್ರೀ ಥ್ರೋ ಇಂಚರಳಿಗೆ ಸಿಕ್ಕಿತ್ತು. ಇಡೀ ಒಳಾಂಗಣ ಉಸಿರು ಕಟ್ಟಿ ಕೂತಿತ್ತು. ನಂಜರಾಜು ರಿಂಗಿನ ಕೆಳಗೆ, ಗೆರೆಯ ಆಚೆ ಮಂಡಿಯೂರಿದ್ದ. ಮಗಳ ಕೈಯಿಂದ ಚೆಂಡು ಹೊರಡುವ ಹೊತ್ತಿಗೆ, ಮದುವೆ ಮನೆಯಲ್ಲಿ ಇಪ್ಪತ್ತು ವರ್ಷದಿಂದ ರೂಢಿಯಾದ ಬಾಯಿ ಸುಮ್ಮನಿರಬೇಕಲ್ಲ? "ಇಲ್ಲಿ ನೋಡವ್ವಾ!" ಎಂದುಬಿಟ್ಟ. ಜೊತೆಗೆ ಫಳಾರನೆ ಫ್ಲಾಶ್.

ಇಂಚರ ತಿರುಗಿ ನೋಡಿದಳು. ನೋಡದೆ ಇರುತ್ತಾಳೆಯೇ? ಅವಳು ಬೆಳೆದದ್ದೇ ಸ್ಟುಡಿಯೋದ ಪರದೆಯ ಮುಂದೆ. ಹಾಲುಹಲ್ಲಿನ ದಿನದಿಂದ ಅಪ್ಪ "ಇಲ್ಲಿ ನೋಡು" ಎಂದರೆ ಅವಳ ಕತ್ತು ತಾನಾಗಿ ತಿರುಗುತ್ತಿತ್ತು. ಚೆಂಡು ರಿಂಗಿಗೆ ಬಡಿದು ಹೊರಗೆ ಬಿತ್ತು, ಪಂದ್ಯ ಕೈತಪ್ಪಿತು.

"ಇನ್ಮೇಲೆ ನೀನ್ ಮ್ಯಾಚಿಗೆ ಬರ್ಬ್ಯಾಡ ಕಣಪ್ಪ, ಅಂದ್ಲು ಸಾಹೇಬ್ರೆ. ಬೈದಿದ್ರೆ ಬೈಸ್ಕೋತಿದ್ದೆ. ಮೆಲ್ಲಗೆ ಅಂದ್ಲು" ಎಂದ ನಂಜರಾಜು. "ಅವಳು ಆಡೋದ ನೋಡ್ದೆ ನನ್ ಕೈಲಿ ಆಗಾಕಿಲ್ಲ."

ಅನ್ಸಾರ್ ಸಾಹೇಬರು ಚಹಾ ತರಿಸಿದರು. ಅವನು ಕುಡಿಯುವಾಗ ಒಂದು ಉದ್ದನೆಯ ಜೂಮ್ ತೆಗೆದು ಅವನ ಕ್ಯಾಮರಾಕ್ಕೆ ಹಾಕಿ, ಅಂಗಡಿಯ ಒಂದು ಟ್ಯೂಬ್‌ಲೈಟ್ ಬಿಟ್ಟು ಉಳಿದ ದೀಪ ಆರಿಸಿದರು. ತಮ್ಮ ತಲೆಯ ಬಿಳಿ ಟೋಪಿಯನ್ನು ಮೇಲಕ್ಕೆ ಎಸೆದು, "ಹೊಡೀರಿ, ಫ್ಲಾಶ್ ಬೇಡ" ಎಂದರು. ಫೋಟೋದಲ್ಲಿ ಬಂದದ್ದು ಟೋಪಿಯಲ್ಲ, ಸುಣ್ಣ ಬಳಿದಂಥ ಗುರುತು.

"ನೋಡಿದ್ರಾ? ಇದು ದೂರ ನೋಡುತ್ತೆ, ಕತ್ತಲೇಲಿ ನೋಡಲ್ಲ. ಬಯಲಲ್ಲಿ ಕ್ರಿಕೆಟ್‌ಗೆ ಸರಿ. ನಿಮ್ಮ ಮಗಳು ಇದರಲ್ಲಿ ಹೊಗೆ ಥರ ಬರ್ತಾಳೆ."

ಇನ್ನೊಂದು ಜೂಮ್ ಇತ್ತು, ದೂರವೂ ನೋಡುವಂಥದ್ದು, ಕತ್ತಲಲ್ಲೂ ನೋಡುವಂಥದ್ದು. ಬೆಲೆ ಕೇಳಿ ನಂಜರಾಜು ನಕ್ಕು ವಾಪಸ್ಸಿಟ್ಟ. ನನ್ನ ಜಾತಿಯದೇ ಒಂದು ಪುಟಾಣಿ ಇತ್ತು, ಅಗ್ಗದ್ದು, ಕಣ್ಣೂ ಚುರುಕು. "ಆದ್ರೆ ಇದಕ್ಕೆ ಗೆರೆ ಹತ್ರಾನೇ ಹೋಗ್ಬೇಕು" ಎಂದರು ಸಾಹೇಬರು. ಗೆರೆಯ ಹತ್ತಿರ ಎನ್ನುವ ಮಾತಿಗೇ ಅವನು ಕೈ ಹಿಂದೆ ತೆಗೆದ.

ಕಡೆಗೆ ನನ್ನ ಸರದಿ. ಟೋಪಿ ಮತ್ತೆ ಹಾರಿತು. ಅಯ್ಯೋ, ಆ ಕ್ಷಣದ ನನ್ನ ಹಿಗ್ಗನ್ನು ಹೇಗೆ ಹೇಳಲಿ! ಬೀರುವಿನಲ್ಲಿ ಕೊಳೆತ ದಿನಗಳೆಲ್ಲ ಮರೆತುಹೋದವು. ಟೋಪಿ ಗಾಳಿಯಲ್ಲಿ ನಿಂತಿತ್ತು, ಅಂಚಿನ ಹೊಲಿಗೆ ಎಣಿಸಬಹುದಿತ್ತು. ನಂಜರಾಜು ಪರದೆಯನ್ನೇ ನೋಡುತ್ತ, "ಇದಾ?" ಎಂದ.

"ಇದೇ. ಜನ ಕೂರೋ ಮೆಟ್ಟಿಲ ಸಾಲಲ್ಲಿ ಕೂತ್ರೂ ಆಗುತ್ತೆ, ತೀರಾ ಮೇಲೆ ಬೇಡ. ಇದರ ಕಣ್ಣು ಪೂರ್ತಿ ತೆರೆದಿಡಿ. ಫ್ಲಾಶ್ ಮನೇಲಿ ಬಿಟ್ಟು ಹೋಗಿ" ಎಂದವರು ಟೋಪಿ ಕೊಡವಿ ಹಾಕಿಕೊಂಡು, "ಬಾಯಿಗೆ ಮಾತ್ರ ನನ್ನ ಹತ್ರ ಮುಚ್ಚಳ ಇಲ್ಲ ನಂಜರಾಜಣ್ಣ" ಎಂದು ನಕ್ಕರು.

ಬಾಯಿಗೆ ಮುಚ್ಚಳವನ್ನು ಅವನೇ ಹುಡುಕಿಕೊಂಡ. ಲವಂಗ! ಹಲ್ಲಿನ ನಡುವೆ ಒಂದು ಲವಂಗ ಕಚ್ಚಿಕೊಂಡರೆ ಮಾತು ಹೊರಡದು. ಮೊದಲು ಮದುವೆಗಳಲ್ಲೇ ಅಭ್ಯಾಸ ಮಾಡಿದ. ಮಾಂಗಲ್ಯಧಾರಣೆಯನ್ನು ತಡೆದು ನಿಲ್ಲಿಸಿ "ಇನ್ನೊಂದ್ಸಲ ಸಾರ್, ಇಲ್ಲಿ ನೋಡಿ" ಎನ್ನುತ್ತಿದ್ದ ಮನುಷ್ಯ ಮೂಲೆಯಲ್ಲಿ ಲವಂಗ ಕಚ್ಚಿ ಮೌನವಾಗಿ ನಿಂತದ್ದು ಕಂಡು ಜನ ಗಾಬರಿಯಾದರು. "ಫ್ಲಾಶೇ ಹೊಡೀತಿಲ್ಲ, ಫೋಟೋ ಬೀಳ್ತಾವೋ ಇಲ್ವೋ" ಎಂದು ಹೆಣ್ಣಿನ ಸೋದರಮಾವ ಜಗಳಕ್ಕೇ ಬಂದ. ಫೋಟೋ ನೋಡಿದ ಮೇಲೆ ತೆಪ್ಪಗಾದ. ಯಾರೂ ಕ್ಯಾಮರಾ ನೋಡದ, ತಮ್ಮ ಪಾಡಿಗೆ ತಾವು ನಗುವ, ಅಳುವ ಮುಖಗಳು ಅವು.

ಆಮೇಲೆ ಒಳಾಂಗಣಕ್ಕೆ ಹೋದೆವು. ತಲೆಗೆ ಟವಲ್ಲು ಸುತ್ತಿ, ಮೆಟ್ಟಿಲ ಸಾಲಿನಲ್ಲಿ ಒಂದು ಕಂಬದ ಹಿಂದೆ ಕಳ್ಳನ ಹಾಗೆ ಕೂತ. ಮೊದಲ ದಿನ ನಮ್ಮಿಬ್ಬರ ಮಾನ ಹೋಯಿತು ಅನ್ನಿ. ಹುಡುಗಿಯರು ಓಡುವ ರಭಸಕ್ಕೆ ನನ್ನ ಕಣ್ಣು ಎಲ್ಲೆಲ್ಲೋ ನೆಟ್ಟು, ರೆಫರಿಯ ಸೀಟಿ, ಯಾರದೋ ಜಡೆ, ಬೆಂಚಿನ ಮೇಲಿನ ನೀರಿನ ಬಾಟಲಿ ಮಾತ್ರ ಸ್ಪಷ್ಟವಾಗಿ ಬಂದವು. ಮದುವೆಯಲ್ಲಿ ಜನ ಅವನಿಗಾಗಿ ಕಾಯುತ್ತಿದ್ದರು. ಇಲ್ಲಿ ಯಾರೂ ಕಾಯುವುದಿಲ್ಲ, ಇನ್ನೊಂದ್ಸಲ ಎನ್ನುವ ಮಾತೇ ಇಲ್ಲ. ಚೆಂಡಿನ ಹಿಂದೆ ಓಡದೆ ಮಗಳ ಮುಖದ ಮೇಲೆ ನನ್ನನ್ನು ನಿಲ್ಲಿಸಿ ಕಾಯುವುದನ್ನು ಅವನು ನಿಧಾನವಾಗಿ ಕಲಿತ.

ಒಂದು ಭಾನುವಾರ ಕೊನೆಗೂ ಒಂದು ಫೋಟೋ ಬಂತು. ಇಂಚರ ನೆಲ ಬಿಟ್ಟು ಎದ್ದಿದ್ದಾಳೆ, ಚೆಂಡು ಬೆರಳ ತುದಿಯಲ್ಲಿದೆ, ನಾಲಗೆ ತುಟಿಯ ಮೂಲೆಯಲ್ಲಿ ಇಣುಕುತ್ತಿದೆ. ಹಿಂದಿನ ಜನವೆಲ್ಲ ಬಣ್ಣದ ಮಂಜು. ನಂಜರಾಜು ಅದನ್ನು ಕಂಪ್ಯೂಟರಿನಲ್ಲಿ ತೆರೆದಿಟ್ಟು, ಯಾರಿಗೂ ತೋರಿಸದೆ ಒಬ್ಬನೇ ನೋಡುತ್ತಿದ್ದ. ಹೆಂಡತಿ ಗೌರಮ್ಮ ಸ್ಟುಡಿಯೋಗೆ ಊಟದ ಡಬ್ಬಿ ತಂದವಳು ನೋಡಿ ನಿಂತುಬಿಟ್ಟಳು. "ಅವಳಿಗೆ ತೋರ್ಸಿ" ಎಂದಳು. "ಬ್ಯಾಡ, ಬಂದಿದ್ದೆ ಅಂತ ಗೊತ್ತಾದ್ರೆ ಆಟವೇ ಬಿಟ್ಟಾಳು" ಎಂದ. ಗೌರಮ್ಮ ಇವನ ಮಾತು ಕೇಳುವ ಹೆಂಗಸೇ? ಸಂಜೆ ಮಗಳನ್ನು ಕೈಹಿಡಿದು ಕರೆತಂದು ಕಂಪ್ಯೂಟರಿನ ಮುಂದೆ ನಿಲ್ಲಿಸಿದಳು.

ಇಂಚರ ಬಹಳ ಹೊತ್ತು ನೋಡಿದಳು. ಅಪ್ಪ ಗೋಡೆಗೆ ಒರಗಿ ನಿಂತಿದ್ದ, ನಾನು ಮೇಜಿನ ಮೇಲಿದ್ದೆ. ಕಡೆಗೆ ಅವಳು, "ಮೊಣಕೈ ಹೊರಕ್ಕೆ ಹೋಗ್ತಾ ಐತೆ. ಕೋಚ್ ಹೇಳ್ತಾನೇ ಇದ್ರು, ನಂಗೆ ಗೊತ್ತಾಗ್ತಿರ್ಲಿಲ್ಲ" ಎಂದಳು. ಅಷ್ಟೇ ಹೇಳಿ ಹೊರಟುಹೋದಳು.

ಮರುದಿನ ನಂಜರಾಜು ಬ್ಯಾಗು ತೆರೆದರೆ ನನ್ನ ಪಕ್ಕದಲ್ಲಿ ಒಂದು ಪುಟ್ಟ ಬಿಳಿ ಪೊಟ್ಟಣ. ಹೊಸ ಶೂ ಡಬ್ಬಿಯೊಳಗೆ ತೇವ ಹೀರಲು ಇಟ್ಟಿರುತ್ತಾರಲ್ಲ, ಅದು. ಮಳೆಗಾಲದಲ್ಲಿ ಲೆನ್ಸಿಗೆ ಬೂಷ್ಟು ಹಿಡಿಯದಿರಲೆಂದು ಅವನು ಅಂಥ ಪೊಟ್ಟಣಗಳನ್ನು ಕಂಡಕಂಡವರಲ್ಲಿ ಬೇಡುತ್ತಿದ್ದ. ಈ ಮನೆಯಲ್ಲಿ ಹೊಸ ಶೂ ಬಂದದ್ದು ಇಂಚರಳಿಗೆ ಮಾತ್ರ. ಅವನು ಅದನ್ನು ನನ್ನ ಪಕ್ಕದಲ್ಲೇ ಮತ್ತೆ ಜೋಪಾನವಾಗಿ ಇಟ್ಟ.

ರಾತ್ರಿ ಊಟಕ್ಕೆ ಕೂತಾಗ ಅವಳು ಮುದ್ದೆ ಮುರಿಯುತ್ತ, ತಟ್ಟೆ ನೋಡಿಕೊಂಡೇ ಹೇಳಿದಳು: "ಶನಿವಾರ ಫೈನಲ್ ಐತೆ. ಆ ಕಂಬದ ಹಿಂದೆ ಕೂರ್ಬ್ಯಾಡ ಕಣಪ್ಪ. ಅಲ್ಲಿಂದ ಒಂದ್ ಕಡೆ ರಿಂಗು ಕಾಣಾಕಿಲ್ಲ."

"ನಿಂಗೆಂಗೆ ಗೊತ್ತವ್ವ, ನಾನಲ್ಲಿ ಕೂರ್ತೀನಿ ಅಂತ?"

"ಟವಲ್ ಕಟ್ಕೊಂಡ್ರೆ ಮೀಸೆ ಮುಚ್ಚೋಯ್ತದಾ?"

ಗೌರಮ್ಮ ನಕ್ಕು ನಕ್ಕು ಸಾರು ನೆತ್ತಿಗೇರಿಸಿಕೊಂಡಳು.

ಶನಿವಾರ ನಾವು ರಾಜಾರೋಷವಾಗಿ ಎದುರು ಸಾಲಿನಲ್ಲೇ ಕೂತೆವು. ಲವಂಗ ಬಾಯಲ್ಲಿ, ಫ್ಲಾಶ್ ಮನೆಯಲ್ಲಿ. ದೇವರ ಆಟ ನೋಡಿ, ಪಂದ್ಯ ಮತ್ತೆ ಅಲ್ಲಿಗೇ ಬಂದು ನಿಂತಿತು. ಅಂಕಗಳು ಸಮ. ಕಡೇ ಗಳಿಗೆ. ಇಂಚರಳ ಕೈಗೆ ಒಂದು ಫ್ರೀ ಥ್ರೋ. ನಂಜರಾಜು ನನ್ನನ್ನು ಅವಳ ಮುಖಕ್ಕೆ ನೆಟ್ಟ. ಕಚ್ಚಿದ ಲವಂಗ ಪುಡಿಯಾದದ್ದು ನನಗೂ ಕೇಳಿಸಿತು. ಒಂದು ಶಬ್ದ ಹೊರಡಲಿಲ್ಲ.

ಅವಳು ಚೆಂಡನ್ನು ನೆಲಕ್ಕೆ ಕುಟ್ಟಿದಳು. ನಿಂತಳು. ಆಮೇಲೆ, ಯಾರೂ ಕರೆಯದೆ, ತಾನಾಗಿಯೇ ಕತ್ತು ತಿರುಗಿಸಿ ನೆಟ್ಟಗೆ ನನ್ನೊಳಗೆ ನೋಡಿದಳು. ನೋಡಿ, ಚೂರು ನಕ್ಕಳು. ಮತ್ತೆ ರಿಂಗಿನ ಕಡೆ ತಿರುಗಿ, ಮೊಣಕೈ ಒಳಗೆ ತಂದು, ಎಸೆದಳು. ಚೆಂಡು ಬಲೆಯೊಳಗೆ ಇಳಿಯಿತು, ಚಾವಣಿ ಬಿರಿಯುವಂತೆ ಜನ ಕೂಗಿದರು.

ಮನೆಗೆ ಬಂದವಳ ಮೊದಲ ಮಾತು, "ಎಲ್ಲಪ್ಪ ಫೋಟೋ? ನಾನು ನೋಡಿದ್ನಲ್ಲ!"

ನಂಜರಾಜು ತಲೆ ತಗ್ಗಿಸಿದ. "ಹೊಡೀಲಿಲ್ಲ ಕಣವ್ವ. ನೀನ್ ನೋಡ್ತೀಯ ಅಂತ ಅಂದ್ಕೊಂಡೇ ಇರ್ಲಿಲ್ಲ. ಕೈಯೇ ಆಡ್ಲಿಲ್ಲ."

"ಅಯ್ಯೋ ನಮ್ಮಪ್ಪಾ! ಮದುವೆ ಮನೆಯಾಗಿದ್ರೆ ನೀನು ಇನ್ನೊಂದ್ಸಲ ಅಂತಿದ್ದೆ" ಎಂದು ಅವಳು ಅವನ ಭುಜಕ್ಕೆ ಹಣೆ ಹಚ್ಚಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಮುಖ ಅಲ್ಲಿ ಹುದುಗಿದ್ದರಿಂದ ನನಗೆ ಕಾಣಲಿಲ್ಲ.

ಆ ಫೋಟೋ ಎಲ್ಲಿಯೂ ಇಲ್ಲ. ಲೆನ್ಸಿನೊಳಗೆ ಏನೂ ಉಳಿಯುವುದಿಲ್ಲ, ಬಂದದ್ದೆಲ್ಲ ಹಾದುಹೋಗುತ್ತದೆ ಎನ್ನುತ್ತಾರೆ. ಇರಬಹುದು. ಆ ಒಂದು ನೋಟದ ಮಟ್ಟಿಗೆ ನಾನು ಅದನ್ನು ಒಪ್ಪುವುದಿಲ್ಲ.

ಈಗ ನನಗೆ ವಯಸ್ಸಾಯಿತು. ಹೊಸ ಬಗೆಯ ಕ್ಯಾಮರಾಗಳ ಮೂತಿಗೆ ನಾನು ಹೊಂದುವುದಿಲ್ಲ. ತಾನಾಗಿ ನೋಟ ಹೊಂದಿಸುವ ನನ್ನ ಮೋಟಾರು ಸತ್ತಿದೆ, ಎಷ್ಟು ಪೊಟ್ಟಣ ಇಟ್ಟರೂ ಬೂಷ್ಟು ಒಳಗೆ ಜೇಡರ ಬಲೆಯಂತೆ ಹಬ್ಬಿದೆ. ಇಂಚರ ಅದೇ ಒಳಾಂಗಣದಲ್ಲಿ ಹುಡುಗಿಯರಿಗೆ ಆಟ ಕಲಿಸುತ್ತಾಳೆ. ನಂಜರಾಜುವಿನ ಮೀಸೆ ಬೆಳ್ಳಗಾಗಿದೆ, ಕಣ್ಣಿಗೆ ಪೊರೆ ಬಂದಿದೆ. ಹಂಸ ಸ್ಟುಡಿಯೋದ ಕಿಟಕಿಯ ಪಕ್ಕ, ಹಳೆಯ ಕ್ಯಾಮರಾದ ಮೂತಿಯ ಮೇಲೆ ನಾನು ಕೂತಿದ್ದೇನೆ. ಎದುರಿನ ಕುರ್ಚಿಯಲ್ಲಿ ಅವನು. ನಮ್ಮಿಬ್ಬರಿಗೂ ಈಗ ಊರೆಲ್ಲ ಒಂದೇ ಮಬ್ಬು.

ಮೊನ್ನೆ ಆಟ ಮುಗಿಸಿ ಬಂದ ಇಂಚರ, ಕೊರಳಲ್ಲಿ ಸೀಟಿ ಇನ್ನೂ ತೂಗಾಡುತ್ತಿದ್ದಾಗ, ನನ್ನನ್ನು ಕೈಗೆತ್ತಿಕೊಂಡಳು. ಕತ್ತಲಾಗುತ್ತಿತ್ತು, ದೀಪ ಹಾಕಿರಲಿಲ್ಲ. ನೋಟ ಹೊಂದಿಸಲು ನನ್ನ ಮೈಸುತ್ತ ಇರುವ ಉಂಗುರವನ್ನು ಅವಳು ಬೆರಳಿನಿಂದ ಮೆಲ್ಲಗೆ ತಿರುಗಿಸಿದಳು. ಆ ಬೂಷ್ಟಿನ ಆಚೆ, ಬೀದಿಯನ್ನು ನೋಡುತ್ತ ಕೂತ ಮುದುಕ ನಿಧಾನವಾಗಿ ಸ್ಪಷ್ಟವಾದ.

"ಅಪ್ಪಾ, ಇಲ್ಲಿ ನೋಡು" ಎಂದಳು.

ಅವನ ಕತ್ತು ತಾನಾಗಿ ತಿರುಗಿತು. ಈ ಸಲ ಬಟನ್ ಒತ್ತಲು ಯಾರೂ ಮರೆಯಲಿಲ್ಲ.